ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು: ವಾರಾನ್ನದಿಂದ ಶಾಲೆಯ ಊಟದವರೆಗೆ

ಹಳೇ ಮೈಸೂರಿನ ಕಡೆಯ ಹಿರಿಯರನ್ನು ಓದಿನ ದಿನಗಳ ಬಗ್ಗೆ ಕೇಳಿದರೆ ಒಂದು ಮಾತು ಬಂದೇ ಬರುತ್ತದೆ: ವಾರಾನ್ನ. ಹಳ್ಳಿಯಿಂದ ಪೇಟೆಗೆ ಓದಲು ಬಂದ ಬಡ ಹುಡುಗ ಏಳು ಮನೆ ಗೊತ್ತು ಮಾಡಿಕೊಳ್ಳುತ್ತಿದ್ದ. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟ್ರ ಮನೆ, ಹೀಗೆ. ಐದೇ ಮನೆ ಸಿಕ್ಕಿದರೆ ಉಳಿದೆರಡು ದಿನ ನೀರು ಕುಡಿದು ಮಲಗಬೇಕು. ವಾರದ ಮನೆಯವರು ಊರಿಗೆ ಹೋಗಿದ್ದರೆ ಬಾಗಿಲಿಗೆ ಬೀಗ. ಅವರಿಗೆ ಸೂತಕ ಬಂದರೆ ಇವನಿಗೆ ಉಪವಾಸ.

ಹುಡುಗ ಜಗಲಿಯಲ್ಲಿ ಕೂತು "ಬಾರಪ್ಪ, ಎಲೆ ಹಾಕಿದೆ" ಅನ್ನೋ ಕರೆಗೆ ಕಾಯುತ್ತಿದ್ದ. ಸ್ವಂತ ಮಗನಿಗೆ ಬಡಿಸಿದ ಹಾಗೆ ಬಡಿಸುವ ತಾಯಂದಿರಿದ್ದರು. ಊಟಕ್ಕೆ ಮೊದಲು ಬಾವಿಯಿಂದ ನೀರು ಸೇದಿಸುವ ಮನೆಗಳೂ ಇದ್ದವು. ಎಲ್ಲೇ ಆಗಲಿ, ಎರಡನೇ ಸಲ ಅನ್ನ ಕೇಳಲು ಹುಡುಗನಿಗೆ ಬಾಯಿ ಬರುತ್ತಿರಲಿಲ್ಲ.

ವಾರಾನ್ನ ಎಷ್ಟೋ ಜನರನ್ನು ಓದಿಸಿತು, ನಿಜ. ಆದರೆ ಹೆಚ್ಚಾಗಿ ಅದು ಬ್ರಾಹ್ಮಣರ ಮನೆಯಲ್ಲಿ ಬ್ರಾಹ್ಮಣ ಹುಡುಗರಿಗೆ ಸಿಗುತ್ತಿದ್ದ ಊಟ. ಉಳಿದವರು ಯಾರ ಜಗಲಿಯಲ್ಲಿ ಕೂರಬೇಕಿತ್ತು? ಹೆಣ್ಣುಮಕ್ಕಳ ಮಾತಂತೂ ದೂರವೇ ಉಳಿಯಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಅವರ ಸಮಾಜವೇ ಅವರನ್ನು ದೂರ ಇಟ್ಟಿತು.

ಈ ಕೊರತೆಯಿಂದಲೇ ಉಚಿತ ಹಾಸ್ಟೆಲ್‌ಗಳು ಹುಟ್ಟಿಕೊಂಡವು. ಸಮುದಾಯದ ಸಂಘಗಳು, ವ್ಯಾಪಾರಿಗಳು, ಮಠಗಳು ಮುಂದೆ ಬಂದವು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮೀಜಿ ವಿದ್ಯಾರ್ಥಿಗಳ ಪ್ರಸಾದ ನಿಲಯಕ್ಕಾಗಿ ಜೋಳಿಗೆ ಹಿಡಿದರು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪ ಎಂಬ ವ್ಯಾಪಾರಿ ರೈಲ್ವೆ ಸ್ಟೇಷನ್ ಹತ್ತಿರ ಛತ್ರ ಕಟ್ಟಿಸಿದರು. ಅವರ ಧರ್ಮದ ಉಚಿತ ಹಾಸ್ಟೆಲ್‌ನಲ್ಲಿ ಇದ್ದುಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿದವರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣ ಒಬ್ಬರು. ಮುಂದೆ ಅವರೇ ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಆದರು.

1941ರಲ್ಲಿ ಮಠದ ಹೊಣೆ ಅವರ ಹೆಗಲಿಗೆ ಬಿತ್ತು. ಸುಗ್ಗಿ ಮುಗಿದ ಮೇಲೆ ಹಳ್ಳಿ ಹಳ್ಳಿ ಸುತ್ತಿ ರಾಗಿ, ಭತ್ತ, ತೆಂಗಿನಕಾಯಿ ಕೂಡಿಸುತ್ತಿದ್ದರು. ಕೊಡುವವರು ದೊಡ್ಡ ಶ್ರೀಮಂತರೇನಲ್ಲ. ಎರಡೆಕರೆ ಹೊಲದವರೂ ಕಣದಿಂದ ಒಂದಿಷ್ಟು ರಾಗಿ ಅಳೆದು ಕೊಡುತ್ತಿದ್ದರು. ಅವರಲ್ಲಿ ಎಷ್ಟೋ ಜನರ ಮಕ್ಕಳು ಅಲ್ಲೇ ಉಣ್ಣುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಮನೆಯಲ್ಲಿ ಒಂದು ಹೊಟ್ಟೆ ಕಡಿಮೆಯಾದರೆ ಅದೂ ದೊಡ್ಡ ಆಸರೆ, ಅಲ್ವಾ? ಇಲ್ಲಿ ಕೊಟ್ಟ ರಾಗಿಯೆಲ್ಲ ಒಂದೇ ಕಡೆ ಸೇರುತ್ತದೆ. ತಟ್ಟೆಗೆ ಬಿದ್ದ ಮುದ್ದೆ ಯಾರ ಹೊಲದ್ದು ಅಂತ ಹುಡುಗನಿಗೆ ಗೊತ್ತಾಗುವುದಿಲ್ಲ. ಯಾರ ಮುಂದೆಯೂ ತಲೆ ಬಗ್ಗಿಸಬೇಕಾಗಿಲ್ಲ. ದಾಸೋಹದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

2019ರ ಜನವರಿ 21ರಂದು ಸ್ವಾಮೀಜಿ ಲಿಂಗೈಕ್ಯರಾದಾಗ ಮಠದಲ್ಲಿ ಸುಮಾರು 10,000 ಮಕ್ಕಳಿದ್ದರು. ಅವರ ಮಧ್ಯಾಹ್ನದ ಊಟ ಮುಗಿಯುವವರೆಗೆ ಸುದ್ದಿ ಹೊರಗೆ ಹೇಳಲಿಲ್ಲ. ಅದು ಸ್ವಾಮೀಜಿಯದೇ ಬಯಕೆಯಾಗಿತ್ತು.

ಅಷ್ಟರಲ್ಲಾಗಲೇ ಊಟ ಶಾಲೆಯೊಳಕ್ಕೇ ಬಂದಿತ್ತು. 2000ದಲ್ಲಿ ಅಕ್ಷಯ ಪಾತ್ರ ಎಂಬ ಸಂಸ್ಥೆ ಬೆಂಗಳೂರಿನ 5 ಶಾಲೆಗಳ 1,500 ಮಕ್ಕಳಿಗೆ ದಾನಿಗಳ ನೆರವಿನಿಂದ ಬಿಸಿಯೂಟ ಶುರು ಮಾಡಿತು. ಮರುವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕು ಎಂದಿತು. 2002ರಲ್ಲಿ ಕರ್ನಾಟಕ ಸರ್ಕಾರ ಶುರು ಮಾಡಿದ ಯೋಜನೆಯ ಹೆಸರು ನೋಡಿ: ಅಕ್ಷರ ದಾಸೋಹ. ಮಠದ ಪಂಕ್ತಿಯ ಮಾತು ಸರ್ಕಾರದ ಕಡತಕ್ಕೆ ಬಂತು. ದಾನವಾಗಿದ್ದ ಊಟ ಹಕ್ಕಾಯಿತು.

ಹಾಗಂತ ದಾನದ ಕೆಲಸ ಮುಗಿಯಲಿಲ್ಲ. ಸರ್ಕಾರ ವಾರಕ್ಕೆ 2 ದಿನ ಮೊಟ್ಟೆ ಕೊಡುತ್ತಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಉಳಿದ 4 ದಿನಗಳ ಖರ್ಚು ಹೊತ್ತುಕೊಂಡಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು.

ನಮ್ಮಲ್ಲಿ ಜನ ಹುಟ್ಟುಹಬ್ಬಕ್ಕೆ ಮಕ್ಕಳಿಗೆ ಊಟ ಹಾಕಿಸುತ್ತಾರೆ. ಒಳ್ಳೆಯದೇ. ಆದರೆ ಕೈಯಲ್ಲಿ ತಟ್ಟೆ ಕೊಟ್ಟು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸುವಾಗ ನನಗೆ ಜಗಲಿಯ ಹುಡುಗ ನೆನಪಾಗುತ್ತಾನೆ. ದಯವಿಟ್ಟು ಫೋಟೊ ಬೇಡ. ಊಟದ ಹೊತ್ತಿಗೆ ಯಾವುದಾದರೂ ಸರ್ಕಾರಿ ಶಾಲೆಗೆ ಹೋಗಿ ಸುಮ್ನೆ ನಿಂತು ನೋಡಿ. ಮಗು ಖಾಲಿ ತಟ್ಟೆ ಮುಂದೆ ಚಾಚಿ, ಬಡಿಸುವ ಅಕ್ಕನನ್ನು ದೊಡ್ಡ ದನಿಯಲ್ಲಿ ಕರೆಯುತ್ತದೆ: "ಅಕ್ಕಾ, ಇನ್ನೊಂಚೂರು ಅನ್ನ!"