ಈ ಕುದುರೆ ನನ್ನದೇ ಎಂದು ಹೇಳುವುದು ಹೇಗೆ?

ವಿಜಯನಗರದ ಅರಸರ ಕಾಲದಲ್ಲಿ ಸವಾರನೊಬ್ಬನ ಕುದುರೆ ಸತ್ತರೆ, ಅದರ ಚರ್ಮದ ಒಂದು ತುಂಡನ್ನು ಕೊಯ್ದು ಇಟ್ಟುಕೊಳ್ಳಬೇಕಿತ್ತು. ರಾಜಮುದ್ರೆ ಒತ್ತಿದ್ದ ಜಾಗದ ಚರ್ಮವೇ ಆಗಬೇಕು. ಅದನ್ನು ಅರಸನ ಕುದುರೆಗಳ ಮುಖ್ಯಾಧಿಕಾರಿಗೆ ಒಪ್ಪಿಸಿದ ಮೇಲೆ ಬೇರೆ ಕುದುರೆ ಸಿಗುತ್ತಿತ್ತು. 1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಇದನ್ನು ಬರೆದಿಟ್ಟಿದ್ದಾನೆ. ಒಳ್ಳೆಯ ಕುದುರೆಗಳು ಹಡಗಿನಲ್ಲಿ ಸಮುದ್ರ ದಾಟಿ ಬರುತ್ತಿದ್ದ ಕಾಲವದು. ‘ಸತ್ತುಹೋಯಿತು’ ಎಂದು ಸುಳ್ಳು ಹೇಳಿ ಕುದುರೆಯನ್ನು ಗುಟ್ಟಾಗಿ ಮಾರಿಕೊಳ್ಳಲು ಎಷ್ಟು ಜನರಿಗೆ ಆಸೆಯಾಗಿರಬಹುದು ಎಂಬುದನ್ನು ಊಹಿಸಿಕೊಳ್ಳಬಹುದು. ದೆಹಲಿಯಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಅದಕ್ಕೂ ಎರಡು ಶತಮಾನ ಮೊದಲೇ ಸೈನ್ಯದ ಕುದುರೆಗಳಿಗೆ ‘ದಾಗ್’ ಎಂಬ ಬರೆ ಹಾಕಿಸಿದ್ದ. ಕೌಟಿಲ್ಯನ ಅರ್ಥಶಾಸ್ತ್ರವಂತೂ ಕುಲ, ವಯಸ್ಸು, ಬಣ್ಣ, ಚಿಹ್ನೆ ಸಹಿತ ಪ್ರತಿ ಕುದುರೆಯನ್ನೂ ಲೆಕ್ಕದಲ್ಲಿ ಬರೆಸಬೇಕೆಂದು ಅಶ್ವಾಧ್ಯಕ್ಷನಿಗೆ ವಿಧಿಸುತ್ತದೆ.

ಈಗ ಬ್ರಿಟನ್ ಅಥವಾ ಅಮೆರಿಕದ ಹಳ್ಳಿಗಾಡಿನಲ್ಲಿ ಒಂದೆರಡು ಕುದುರೆ ಸಾಕಿಕೊಂಡವರ ಚಿಂತೆಯೂ ಇಂಥದ್ದೇ. ರಾತ್ರಿ ಬೇಲಿಯೊಳಗೆ ಮೇಯುತ್ತಿದ್ದ ಕುದುರೆ ಬೆಳಗ್ಗೆ ಇರುವುದಿಲ್ಲ. ಟ್ರೇಲರಿಗೆ ಹತ್ತಿಸಿಕೊಂಡು ಹೋದವರು ನೂರಾರು ಮೈಲಿ ಆಚೆಯ ಹರಾಜಿನಲ್ಲಿ ಅದನ್ನು ಮಾರಿ ಕೈತೊಳೆದುಕೊಂಡಿರುತ್ತಾರೆ. ಕದ್ದವನಿಗೆ ಬೇಕಾಗಿರುವುದು ದುಡ್ಡು. ಹಾಗಾಗಿ ಗುರುತಿನ ನಿಜವಾದ ಕೆಲಸ ಶುರುವಾಗುವುದು ಸಂತೆಯಲ್ಲಿ, ಕೊಳ್ಳುವವನ ಕಣ್ಣೆದುರು. ಮಾರುವ ಉದ್ದೇಶವೇ ಇಲ್ಲದ ಕಳ್ಳರ ಮುಂದೆ ಯಾವ ಗುರುತೂ ನಡೆಯುವುದಿಲ್ಲ. 1981ರಲ್ಲಿ ಇಂಗ್ಲೆಂಡಿನ ಹೆಸರಾಂತ ಕುದುರೆ ಓಟವಾದ ಡರ್ಬಿಯನ್ನು ಹತ್ತು ಕುದುರೆಯುದ್ದದ ಅಂತರದಲ್ಲಿ ಗೆದ್ದ ಶೆರ್ಗಾರ್‌ನ ಮುಖದ ಅಗಲವಾದ ಬಿಳಿ ಪಟ್ಟೆ ಜಗತ್ತಿಗೇ ಗೊತ್ತಿತ್ತು. 1983ರ ಫೆಬ್ರವರಿಯಲ್ಲಿ ಐರ್ಲೆಂಡಿನ ಬ್ಯಾಲಿಮನಿ ತಳಿಕೇಂದ್ರದಿಂದ ಬಂದೂಕುಧಾರಿಗಳು ಅದನ್ನು ಒತ್ತೆಹಣಕ್ಕಾಗಿ ಹೊತ್ತೊಯ್ದರು. ಅದು ಮತ್ತೆ ಸಿಗಲೇ ಇಲ್ಲ.

ಹುಟ್ಟು ಗುರುತುಗಳೇ ಸಾಲದೇ ಎಂದು ಕೇಳುವವರಿದ್ದಾರೆ. ನಮ್ಮ ದನದ ಜಾತ್ರೆಗಳಲ್ಲಿ ಸುಳಿ ನೋಡದೆ ಎತ್ತು ಕೊಳ್ಳುವವರು ಕಡಿಮೆ. ಕುದುರೆಯ ಸುಳಿಗಂತೂ ಶುಭ-ಅಶುಭದ ದೊಡ್ಡ ಶಾಸ್ತ್ರವೇ ಇದೆ. ಆ ಫಲಗಳನ್ನು ನಾನು ನಂಬುವುದಿಲ್ಲ. ಆದರೆ ಸುಳಿ ನೋಡುವ ಆ ಕಣ್ಣಿನ ಬಗ್ಗೆ ನನಗೆ ಗೌರವವಿದೆ. ಕೂದಲಿನ ಸುಳಿಗಳು ಮರಿ ಗರ್ಭದಲ್ಲಿರುವಾಗಲೇ ರೂಪುಗೊಂಡು ಜೀವನಪೂರ್ತಿ ಹಾಗೆಯೇ ಉಳಿಯುತ್ತವೆ. ಕುದುರೆಯ ಪಾಸ್‌ಪೋರ್ಟಿನ (ಅಂದರೆ ಅದರ ಗುರುತಿನ ಪುಸ್ತಕದ) ರೇಖಾಚಿತ್ರದಲ್ಲಿ ಪಶುವೈದ್ಯರು ಇವತ್ತಿಗೂ ಒಂದೊಂದು ಸುಳಿಯ ಜಾಗವನ್ನೂ ಗುರುತು ಹಾಕುತ್ತಾರೆ. ಕಾಲಿನ ಒಳಬದಿಯಲ್ಲಿರುವ ಕೂದಲಿಲ್ಲದ ಗಟ್ಟಿ ಗಂಟುಗಳ ಆಕಾರವೂ ನಮ್ಮ ಬೆರಳಚ್ಚಿನ ಹಾಗೆ ಕುದುರೆಯಿಂದ ಕುದುರೆಗೆ ಬೇರೆ.

ನಂಬಲಾಗದ್ದು ಬಣ್ಣವನ್ನು. 1984ರ ಆಗಸ್ಟಿನಲ್ಲಿ ಬ್ರಿಸ್ಬೇನ್‌ನ ರೇಸಿನಲ್ಲಿ ಫೈನ್ ಕಾಟನ್ ಎಂಬ ಸಾಧಾರಣ ಕುದುರೆಯ ಹೆಸರಿನಲ್ಲಿ ಬೋಲ್ಡ್ ಪರ್ಸನಾಲಿಟಿ ಎಂಬ ಹೆಚ್ಚು ವೇಗದ ಕುದುರೆಯನ್ನು ಓಡಿಸಿದರು. ಮೈಗೆ ಕೂದಲಿನ ಬಣ್ಣ, ಕಾಲಿಗೆ ಬಿಳಿ ಬಣ್ಣ ಬಳಿದಿದ್ದರು. ಕಾಲಿನ ಬಣ್ಣ ಕರಗಿ ಇಳಿಯತೊಡಗಿ ಗುಟ್ಟು ರಟ್ಟಾಯಿತು. ಮೋಸಗಾರರು ಬಣ್ಣ ಬಳಿಯದಿದ್ದರೂ ಪ್ರಕೃತಿಯೇ ಬಳಿಯುವುದುಂಟು. ಬಿಳಿ ಕುದುರೆ ಎಂದು ನಾವು ಕರೆಯುವವುಗಳಲ್ಲಿ ಬಹುಪಾಲು ಹುಟ್ಟುವಾಗ ಕಪ್ಪೋ ಕಂದೋ ಆಗಿರುತ್ತವೆ, ವರ್ಷ ಕಳೆದಂತೆ ನರೆಯುತ್ತ ಆರೆಂಟು ವರ್ಷಕ್ಕೆ ಪೂರ್ತಿ ಬೆಳ್ಳಗಾಗುತ್ತವೆ. ಇದಕ್ಕೆ ಕಾರಣವಾದ ವಂಶವಾಹಿಯ ಬದಲಾವಣೆಯನ್ನು ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಪತ್ತೆಹಚ್ಚಿತು. ಮರಿಯಿದ್ದಾಗ ತೆಗೆದ ಫೋಟೋ ಹಿಡಿದು ಪೊಲೀಸರ ಬಳಿ ಹೋದರೆ ಅದು ಬೇರೆ ಕುದುರೆಯ ಫೋಟೋ ಎನಿಸುತ್ತದೆ.

ಮನುಷ್ಯ ಹಾಕುವ ಗುರುತುಗಳಲ್ಲಿ ಕಾದ ಕಬ್ಬಿಣದ ಬರೆ ಅತಿ ಹಳೆಯದು. ಜರ್ಮನಿಯ ಹನೋವರ್ ತಳಿಯ ಕುದುರೆಗಳ ತೊಡೆಯ ಮೇಲಿನ ಮುದ್ರೆ ಹೆಮ್ಮೆಯ ಸಂಕೇತವೇ ಆಗಿತ್ತು. ಆದರೆ ಅದು ಚರ್ಮವನ್ನು ಆಳವಾಗಿ ಸುಡುವ ಗಾಯ. ಹೋಗಲಿ, ಕೆಲಸಕ್ಕಾದರೂ ಬರುತ್ತದೆಯೇ ಎಂದು ನೋಡಿದರೆ, ವಿಯೆನ್ನಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ ತಳಿಯ ಮುದ್ರೆಯನ್ನೇನೋ ಓದಲಾಯಿತು, ಒಂದೊಂದು ಕುದುರೆಯನ್ನೂ ಬೇರೆ ಮಾಡಿ ತೋರಿಸಬೇಕಾದ ಅಂಕಿಗಳೇ ಅನೇಕ ಕುದುರೆಗಳಲ್ಲಿ ಸರಿಯಾಗಿ ಕಾಣಲಿಲ್ಲ. ಅಷ್ಟು ನೋವು ಕೊಟ್ಟು ಇಷ್ಟೇ ಸಿಗುವುದಾದರೆ ಅದನ್ನು ಬಿಡುವುದೇ ಸರಿ. ಗೊರಸಿನ ಮೇಲೆ ಅಂಕಿ ಒತ್ತಿದರೆ ನೋವಿಲ್ಲ. ಆದರೆ ಗೊರಸು ಉಗುರಿನಂತೆ ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ, ಲಾಳ ಕಟ್ಟುವವರು ಕತ್ತರಿಸುತ್ತ ಹೋದಂತೆ ವರ್ಷದೊಳಗೆ ಅಂಕಿಯೂ ಹೋಗುತ್ತದೆ. ಅಮೆರಿಕದ ರೇಸ್ ಕುದುರೆಗಳ ಮೇಲ್ದುಟಿಯ ಒಳಗೆ ಹಾಕುತ್ತಿದ್ದ ಹಚ್ಚೆ ವರ್ಷ ಕಳೆದಂತೆ ಮಸುಕಾಗುತ್ತದೆ, ತುಟಿ ಮೇಲೆತ್ತದೆ ಕಾಣುವುದೂ ಇಲ್ಲ. ರೇಸ್ ಕುದುರೆಗಳನ್ನು ನೋಂದಾಯಿಸುವ ಅಲ್ಲಿನ ಜಾಕಿ ಕ್ಲಬ್ 2017ರಲ್ಲಿ ಹುಟ್ಟಿದ ಮರಿಗಳಿಂದ ಮೈಕ್ರೋಚಿಪ್ಪನ್ನು ಕಡ್ಡಾಯ ಮಾಡಿತು.

ಬರೆಗೆ ಬದಲಾಗಿ ಬಂದದ್ದು ತಣ್ಣನೆಯ ಮುದ್ರೆ. ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯದ ಪಶುವೈದ್ಯ ಕೀತ್ ಫ್ಯಾರೆಲ್ 1966ರಲ್ಲಿ ಇದನ್ನು ರೂಪಿಸಿದರು. ತಾಮ್ರದ ಅಚ್ಚನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದಿ, ಕೂದಲು ಬೋಳಿಸಿದ ಚರ್ಮದ ಮೇಲೆ ಕೆಲವೇ ಸೆಕೆಂಡು ಒತ್ತುತ್ತಾರೆ. ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳು ಚಳಿಗೆ ಬಲು ಸೂಕ್ಷ್ಮ. ಸುತ್ತಲಿನ ಚರ್ಮದ ಕೋಶಗಳು ತಾಳಿಕೊಳ್ಳುವ ಚಳಿಗೇ ಅವು ಸತ್ತುಹೋಗುತ್ತವೆ. ಕೂದಲಿನ ಬೇರು ಬದುಕಿರುತ್ತದೆ, ಬಣ್ಣ ತುಂಬುವವರು ಇರುವುದಿಲ್ಲ. ಎರಡು ಮೂರು ತಿಂಗಳಲ್ಲಿ ಕಂದು ಮೈಮೇಲೆ ಬಿಳಿ ಅಕ್ಷರಗಳು ಮೂಡಿ ದೂರದಿಂದಲೇ ಕಾಣುತ್ತವೆ.

ಫ್ಯಾರೆಲ್ ಅವರು ಕಳ್ಳನ ಜಾಣತನವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಮಾಮೂಲಿ ಇಂಗ್ಲಿಷ್ ಅಂಕಿಗಳಾದರೆ 1ನ್ನು 7 ಮಾಡಬಹುದು, 3ನ್ನು 8 ಮಾಡಬಹುದು. ಅಮೆರಿಕದ ದನಗಳ್ಳರು ಬರೆ ತಿದ್ದುವುದರಲ್ಲಿ ನಿಪುಣರಾಗಿದ್ದರು. ಅದಕ್ಕೇ ಫ್ಯಾರೆಲ್ ಲಂಬಕೋನ ಮತ್ತು ಸಮಾನಾಂತರ ಗೆರೆಗಳಿಂದಲೇ ಅಂಕಿಗಳನ್ನು ಕಟ್ಟಿದರು. ಒಂದು ಗೆರೆ ಹೆಚ್ಚು ಸೇರಿಸಿದರೂ ಅದು ಯಾವ ಅಂಕಿಯೂ ಆಗದಂತಿದೆ ಆ ಲಿಪಿ. ಅಮೆರಿಕ ಸರ್ಕಾರ ಹಿಡಿಯುವ ಕಾಡುಕುದುರೆಗಳ ಕತ್ತಿನ ಎಡಬದಿಯಲ್ಲಿ, ಜೂಲಿನ ಕೆಳಗೆ, ಹುಟ್ಟಿದ ವರ್ಷವನ್ನೂ ನೋಂದಣಿ ಸಂಖ್ಯೆಯನ್ನೂ ಇದೇ ಲಿಪಿಯಲ್ಲಿ ಒತ್ತುತ್ತಾರೆ.

ಮರಿಯಲ್ಲಿ ಕಪ್ಪಾಗಿದ್ದು ಮುಂದೆ ಬೆಳ್ಳಗಾಗುವ ಕುದುರೆಗೆ ಮಾತ್ರ ಇದು ತೊಡಕು. ಇಡೀ ಮೈ ನರೆತ ಮೇಲೆ ಬಿಳಿ ಕೂದಲಿನ ಗುರುತು ಬಿಳಿಯಲ್ಲೇ ಕರಗಿಹೋಗುತ್ತದೆ. ಹಾಗಾಗಿ ಅಂಥವುಗಳಿಗೆ ಅಚ್ಚನ್ನು ಇನ್ನಷ್ಟು ಹೊತ್ತು ಒತ್ತಿ ಕೂದಲಿನ ಬೇರನ್ನೇ ಕೊಲ್ಲಬೇಕಾಗುತ್ತದೆ. ಅಲ್ಲಿ ಕೂದಲಿಲ್ಲದ ಬೋಳು ಗೆರೆ ಉಳಿಯುತ್ತದೆ. ಮರಿಯ ಅಪ್ಪ-ಅಮ್ಮನ ಬಣ್ಣವನ್ನು ಕೇಳದೆ ಅಚ್ಚು ಹಿಡಿಯಬಾರದು.

ಮೈಕ್ರೋಚಿಪ್ ಇದಕ್ಕೆ ತದ್ವಿರುದ್ಧ, ಹೊರಗೆ ಏನೂ ಕಾಣುವುದಿಲ್ಲ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಗಾಜಿನ ಕೋಶವನ್ನು ಕುತ್ತಿಗೆಯ ಎಡಬದಿ, ಜೂಲಿನ ತುಸು ಕೆಳಗೆ, ನೆತ್ತಿಗೂ ಬೆನ್ನಿನ ಏರಿಗೂ ನಡುವಿನ ಗಟ್ಟಿ ತಂತುವಿನೊಳಗೆ ದಪ್ಪ ಸೂಜಿಯಿಂದ ಸೇರಿಸುತ್ತಾರೆ. ಅದರಲ್ಲಿ ಬ್ಯಾಟರಿಯಿಲ್ಲ. ಸ್ಕ್ಯಾನರ್ 134.2 ಕಿಲೋಹರ್ಟ್ಸ್‌ನ ಅಲೆ ಬೀರಿದಾಗ ಒಳಗಿನ ತಂತಿಸುರುಳಿಯಲ್ಲಿ ಚೂರು ವಿದ್ಯುತ್ ಹುಟ್ಟಿ, 15 ಅಂಕಿಗಳ ಸಂಖ್ಯೆಯನ್ನು ಅದು ಮರಳಿ ಕಳಿಸುತ್ತದೆ. ಇಷ್ಟು ಕಡಿಮೆ ಆವರ್ತನವನ್ನು ಆರಿಸಿದ್ದಕ್ಕೂ ಕಾರಣವಿದೆ. ನೀರೇ ತುಂಬಿದ ಮಾಂಸಖಂಡವನ್ನು ಈ ಅಲೆ ಸಲೀಸಾಗಿ ದಾಟುತ್ತದೆ. ಚಿಪ್ ಹಾಕಿಸಿದರೆ ಕುದುರೆ ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಬಹುದು ಎಂದು ನಂಬಿದವರು ಬಹಳ. ಹಾಗೆ ಆಗುವುದಿಲ್ಲ. ಸ್ಕ್ಯಾನರನ್ನು ಕತ್ತಿನ ಹತ್ತಿರ ಹಿಡಿದರಷ್ಟೇ ಅದು ಮಾತಾಡುವುದು.

ಕಳ್ಳನಿಗೆ ಚಿಪ್ ಕಾಣುವುದಿಲ್ಲವಾದ್ದರಿಂದ ಅದು ಅವನನ್ನು ಹೆದರಿಸುವುದೂ ಇಲ್ಲ. ತಣ್ಣನೆಯ ಮುದ್ರೆ ಹೆದರಿಸುತ್ತದೆ, ಹರಾಜಿನಲ್ಲಿ ಹತ್ತು ಜನರ ಕಣ್ಣಿಗೆ ಬೀಳುತ್ತದೆ. ಆದರೆ ಠಾಣೆಯಲ್ಲಿ ಇಬ್ಬರು ಒಂದೇ ಕುದುರೆಯನ್ನು ‘ನನ್ನದು’ ಎಂದು ನಿಂತಾಗ ಚಿಪ್ಪಿನ ಸಂಖ್ಯೆಯಷ್ಟು ಖಚಿತವಾಗಿ ಹೇಳುವುದು ಇನ್ನೊಂದಿಲ್ಲ. ಬಯಲಿನಲ್ಲಿ ಮೇಯುವ ಕುದುರೆಗೆ ಎರಡನ್ನೂ ಹಾಕಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಯಾವುದಾದರೂ ಒಂದೇ ಎಂದರೆ, ಊರಾಚೆ ಬೇಲಿಯೊಳಗಿನ ಕಂದು ಕುದುರೆಗೆ ಮುದ್ರೆ, ಬಿಳಿಯದಕ್ಕೆ ಚಿಪ್. ಇಂಗ್ಲೆಂಡಿನಲ್ಲಿ ಈ ಆಯ್ಕೆಯ ಅರ್ಧವನ್ನು ಕಾನೂನೇ ಮಾಡಿಬಿಟ್ಟಿದೆ. 2020ರ ಅಕ್ಟೋಬರ್‌ನಿಂದ ಅಲ್ಲಿ ಸಾಕಿದ ಕುದುರೆಗಳಿಗೆಲ್ಲ ಚಿಪ್ ಇರಲೇಬೇಕು. ಇದರ ಜೊತೆಗೆ ಜೂಲಿನ ಒಂದಷ್ಟು ಕೂದಲನ್ನು ಬೇರು ಸಮೇತ ಕಿತ್ತು ಒಣ ಕಾಗದದ ಲಕೋಟೆಯಲ್ಲಿಟ್ಟರೆ ಖರ್ಚಿಲ್ಲದೆ ಡಿಎನ್‌ಎ ಸಾಕ್ಷಿ ಕೈಯಲ್ಲಿರುತ್ತದೆ.

ಚಿಪ್ಪಿನೊಳಗೆ ಯಜಮಾನನ ಹೆಸರಾಗಲಿ ಫೋನ್ ನಂಬರಾಗಲಿ ಇರುವುದಿಲ್ಲ, ಸಂಖ್ಯೆಯೊಂದೇ. ಅದು ಯಾರದೆಂಬುದು ನೋಂದಣಿ ಪುಸ್ತಕದಲ್ಲಿರುತ್ತದೆ. ಕುದುರೆ ಕೊಂಡವರು ಹೆಸರು ಬದಲಿಸುವುದನ್ನು ಮರೆತಿದ್ದರೆ, ಸ್ಕ್ಯಾನರ್ ಹಿಡಿದ ಪೊಲೀಸರು ಫೋನ್ ಮಾಡುವುದು ಐದು ವರ್ಷದ ಹಿಂದೆ ಅದನ್ನು ಮಾರಿದವರಿಗೆ.