ಬೇಟೆಗಾರ ಹುಡುಕುವ ಸಲಗ ಯಾವುದು?

ಆಫ್ರಿಕಾದ ಬೋಟ್ಸ್ವಾನಾದಲ್ಲಿ ಸುಮಾರು 1,30,000 ಆನೆಗಳಿವೆ. ಅದರಲ್ಲಿ ದುಡ್ಡು ಕಟ್ಟಿ ಬರುವವರ ಬೇಟೆಗೆ ಸರ್ಕಾರ ವರ್ಷಕ್ಕೆ ಬಿಟ್ಟುಕೊಡುವುದು 400ರ ಆಸುಪಾಸು. ಅಂದರೆ ಶೇಕಡಾ 0.3. "ಇಷ್ಟಕ್ಕೆ ಯಾಕೆ ಇಷ್ಟೊಂದು ಗಲಾಟೆ ಡಾಕ್ಟ್ರೇ?" ಅಂತ ಕೇಳುವವರು ನನಗೆ ಆಗಾಗ ಸಿಗುತ್ತಾರೆ. ಅವರೇನೂ ಆನೆ ಕಂಡರೆ ಆಗದವರಲ್ಲ. ಕೂಡಿಸಿ ಕಳೆದು ನೋಡಿದರೆ ಪ್ರಶ್ನೆ ನ್ಯಾಯವಾಗಿಯೇ ಇದೆ.

ಆದರೆ ಆನೆಗಳ ನಡುವೆ ಕೆಲಸ ಮಾಡುವ ವನ್ಯಜೀವಿ ವೈದ್ಯನಿಗೆ ಈ ಲೆಕ್ಕ ಬೇರೆ ಥರ ಕಾಣುತ್ತದೆ. ಆ 1,30,000ದಲ್ಲಿ ಹೆಣ್ಣಾನೆಗಳಿವೆ, ಮರಿಗಳಿವೆ, ಈಗಷ್ಟೇ ತಾಯಿ ಹಿಂಡು ಬಿಟ್ಟ ಪಡ್ಡೆ ಗಂಡುಗಳಿವೆ. ಡಾಲರ್ ಸುರಿದು ದೂರದಿಂದ ಬರುವ ಬೇಟೆಗಾರನಿಗೆ ಇವು ಯಾವುವೂ ಬೇಡ. ಅವನಿಗೆ ಬೇಕಾಗಿರುವುದು ದೊಡ್ಡ ದಂತ. ದೊಡ್ಡ ದಂತ ಇರುವುದು ವಯಸ್ಸಾದ ಸಲಗಕ್ಕೆ.

ದಂತ ಅಂದರೆ ಮೇಲ್ದವಡೆಯ ಬಾಚಿಹಲ್ಲು. ನಮ್ಮ ಹಲ್ಲಿನ ಹಾಗೆ ಒಂದು ಹಂತಕ್ಕೆ ನಿಲ್ಲುವುದಿಲ್ಲ, ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಆಫ್ರಿಕಾದಲ್ಲಿ ಹೆಣ್ಣಿಗೂ ದಂತ ಇರುತ್ತದೆ, ಆದರೆ ಅದು ಸಣ್ಣಗೆ ಉಳಿದುಬಿಡುತ್ತದೆ. ಗಂಡಿಗೆ ವಯಸ್ಸಾದ ಹಾಗೆ ಉದ್ದದ ಜೊತೆ ದಪ್ಪವೂ ಏರುತ್ತದೆ. ನಮಗೆ ಹೊರಗೆ ಕಾಣುವುದು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು, ಉಳಿದದ್ದು ತಲೆಬುರುಡೆಯ ಒಳಗೆ. ಎಳೆ ಸಲಗದ ದಂತವನ್ನು ಉದ್ದಕ್ಕೆ ಸೀಳಿದರೆ ಬುಡದಿಂದ ಬಹಳ ದೂರದವರೆಗೆ ಟೊಳ್ಳು. ಆ ಟೊಳ್ಳಿನಲ್ಲಿ ನರ, ರಕ್ತನಾಳ ತುಂಬಿದ ಮೆತ್ತನೆಯ ತಿರುಳಿರುತ್ತದೆ. ವರ್ಷ ಕಳೆದಂತೆ ಒಳಗಿನಿಂದ ಪದರ ಪದರವಾಗಿ ದಂತ ಕಟ್ಟಿಕೊಂಡು ಟೊಳ್ಳು ಕಡಿಮೆಯಾಗುತ್ತದೆ, ತೂಕ ಏರುತ್ತದೆ. ಹಾಗಾಗಿ ಅನುಭವಿ ಬೇಟೆಗಾರರು ಬರೀ ಉದ್ದ ನೋಡಿ ಮರುಳಾಗುವುದಿಲ್ಲ. ತುಟಿಯ ಹತ್ತಿರ ದಂತ ಎಷ್ಟು ದಪ್ಪ ಇದೆ, ಹಣೆಯ ಪಕ್ಕ ಎಷ್ಟು ಗುಳಿ ಬಿದ್ದಿದೆ ಅಂತ ನೋಡುತ್ತಾರೆ. ಅವರ ಲೆಕ್ಕ ಪೌಂಡಿನಲ್ಲಿ. ಒಂದೊಂದು ದಂತ 100 ಪೌಂಡ್, ಅಂದರೆ 45 ಕಿಲೋ ಮುಟ್ಟಿದರೆ ಆ ಆನೆ 'ಸೂಪರ್ ಟಸ್ಕರ್'. ಇಡೀ ಆಫ್ರಿಕಾದಲ್ಲಿ ಈಗ ಅಂಥವು ಕೆಲವೇ ಡಜನ್ ಉಳಿದಿವೆ.

ಇಲ್ಲಿ ಬೇಟೆಯ ಪರ ಇರುವವರು ಒಂದು ಮಾತು ಹೇಳುತ್ತಾರೆ: "ಮುದಿ ಆನೆ ತಾನೆ? ಅದರಿಂದ ಮರಿ ಹುಟ್ಟುವ ಕಾಲ ಮುಗಿದಿದೆ, ಹೇಗೂ ಸಾಯುತ್ತದೆ." ಕೇಳಲು ಸರಿ ಅನ್ನಿಸುತ್ತದೆ. ಆದರೆ ಇದು ಶುದ್ಧ ತಪ್ಪು. ಹೋರಿ, ಟಗರಿನ ಲೆಕ್ಕವನ್ನು ಆನೆಗೆ ಹಾಕಿದರೆ ಹೀಗಾಗುತ್ತದೆ.

ಆನೆಯಲ್ಲಿ ಗಂಡಿನ ಆಟ ಶುರುವಾಗುವುದೇ ತಡ. ಸರಿಯಾಗಿ ಮದ ಬರುವುದು 25-30ರ ನಂತರ. ಕಪೋಲದಿಂದ ರಸ ಇಳಿಯುತ್ತದೆ, ಮೂತ್ರ ತೊಟ್ಟಿಕ್ಕುತ್ತಲೇ ಇರುತ್ತದೆ, ತಲೆ ಎತ್ತಿ ನಡೆಯುವ ಗತ್ತೇ ಬೇರೆ. (ನಮ್ಮ ಮಾವುತರಿಗೆ ತಲೆಮಾರುಗಳಿಂದ ಗೊತ್ತಿರುವ ವಿಷಯ ಇದು. ಆಫ್ರಿಕಾದ ಆನೆಗೂ ಮದ ಬರುತ್ತದೆ ಅಂತ ಆನೆ ಸಂಶೋಧಕಿಯರಾದ ಜಾಯ್ಸ್ ಪೂಲ್ ಮತ್ತು ಸಿಂಥಿಯಾ ಮಾಸ್ ಬರೆದದ್ದು 1981ರಲ್ಲಿ. ಅಲ್ಲಿಯವರೆಗೆ ವಿಜ್ಞಾನಿಗಳು ಅದನ್ನು ಒಪ್ಪಿರಲಿಲ್ಲ.) ಹೆಣ್ಣಾನೆ ಬೆದೆಗೆ ಬರುವುದು ನಾಲ್ಕೈದು ವರ್ಷಕ್ಕೊಮ್ಮೆ, ಅದೂ ಕೆಲವೇ ದಿನ. ಆ ಹೊತ್ತಿಗೆ ಅವಳನ್ನು ಹುಡುಕಿಕೊಂಡು ಹೋಗಿ, ಉಳಿದ ಗಂಡುಗಳನ್ನು ದೂರ ಇಡಬಲ್ಲವನು ತುಂಬು ಮದದಲ್ಲಿರುವ ದೊಡ್ಡ ಸಲಗ. ಕೀನ್ಯಾದ ಆಂಬೋಸೆಲಿಯಲ್ಲಿ ಡಿಎನ್ಎ ಪರೀಕ್ಷೆಯಿಂದ ಮರಿಗಳ ಅಪ್ಪಂದಿರನ್ನು ಗುರುತಿಸಿದಾಗ, ಹೆಚ್ಚು ಯಶಸ್ಸು ಕಂಡವು 45ರಿಂದ 53ರ ಪ್ರಾಯದ ಗಂಡುಗಳು. ಬೇಟೆಗಾರ 'ಮುದಿ' ಅಂತ ಗುಂಡು ಹೊಡೆಯುವುದು ಇದೇ ವಯಸ್ಸಿನವುಗಳಿಗೆ.

ಇಷ್ಟು ವಯಸ್ಸಿಗೆ ತಲುಪುವ ಗಂಡುಗಳೇ ಕಡಿಮೆ. ನಮ್ಮ ಕಬಿನಿಯ ಭೋಗೇಶ್ವರ ನೆನಪಿದೆ ಅಲ್ವಾ? ಎರಡೂವರೆ ಮೀಟರ್ ಉದ್ದದ ದಂತ ಹೊತ್ತು ಸುಮಾರು 60 ವರ್ಷ ಬಾಳಿ, 2022ರ ಜೂನ್‌ನಲ್ಲಿ ವಯಸ್ಸಾಗಿಯೇ ಸತ್ತ. ಬೇಟೆಯ ಬ್ಲಾಕಿನಲ್ಲಿ, ಅಂದರೆ ಬೇಟೆಗೆ ಅಂತ ಗುರುತಿಸಿದ ಕಾಡಿನ ಭಾಗದಲ್ಲಿ, ಇದ್ದಿದ್ದರೆ ಅವನು ನಲವತ್ತು ದಾಟುತ್ತಿದ್ದದ್ದು ಅನುಮಾನ.

ದೊಡ್ಡ ಸಲಗಗಳು ಇಲ್ಲದಿದ್ದರೆ ಏನಾಗುತ್ತದೆ? ದಕ್ಷಿಣ ಆಫ್ರಿಕಾದ ಪಿಲಾನೆಸ್‌ಬರ್ಗ್‌ಗೆ ಕ್ರೂಗರ್ ಉದ್ಯಾನದಿಂದ ಅನಾಥ ಮರಿಗಳನ್ನು ತಂದು ಬಿಟ್ಟಿದ್ದರು. ದೊಡ್ಡವರು ಯಾರೂ ಜೊತೆಗಿರಲಿಲ್ಲ. ಆ ಮರಿಗಳು ಬೆಳೆದಾಗ, 90ರ ದಶಕದಲ್ಲಿ, ಬಿಳಿ ಘೇಂಡಾಮೃಗಗಳ ಹೆಣಗಳು ಸಿಗತೊಡಗಿದವು. 40ಕ್ಕೂ ಜಾಸ್ತಿ. ಕೊಲ್ಲುತ್ತಿದ್ದವರು ಕಳ್ಳಬೇಟೆಗಾರರಲ್ಲ, ಪ್ರಾಯಕ್ಕೆ ಮೊದಲೇ ಮದ ಬಂದು ತಿಂಗಳುಗಟ್ಟಲೆ ಇಳಿಯದೆ ಓಡಾಡುತ್ತಿದ್ದ ಎಳೆ ಸಲಗಗಳು. 1998ರಲ್ಲಿ ಕ್ರೂಗರ್‌ನಿಂದ ಆರು ದೊಡ್ಡ ಸಲಗಗಳನ್ನು ತಂದು ಬಿಟ್ಟರು. ಪಡ್ಡೆಗಳ ಮದ ಇಳಿಯಿತು, ಘೇಂಡಾಮೃಗಗಳ ಸಾವು ನಿಂತಿತು. ದೊಡ್ಡ ಗಂಡು ಎದುರಿಗೆ ಬಂದರೆ ಚಿಕ್ಕವನ ಮದ ಇಳಿಯುತ್ತದೆ.

ಇನ್ನೊಂದು ಪಕ್ಕವನ್ನೂ ನೋಡಬೇಕು. 2014ರಲ್ಲಿ ಅಧ್ಯಕ್ಷ ಇಯಾನ್ ಖಾಮಾ ಅವರ ಸರ್ಕಾರ ಬೋಟ್ಸ್ವಾನಾದಲ್ಲಿ ಬೇಟೆ ನಿಷೇಧಿಸಿತು. ಒಕವಾಂಗೊ ಕಡೆಯ ಸಂಕುಯೋದಂಥ ಹಳ್ಳಿಗಳಿಗೆ ಬೇಟೆಯ ದುಡ್ಡಿನಿಂದ ನಲ್ಲಿ ಬಂದಿತ್ತು, ಬಡವರ ಮನೆಗೆ ಶೌಚಾಲಯ ಬಂದಿತ್ತು. ಅದು ನಿಂತುಹೋಯಿತು. ಹೊಲಕ್ಕೆ ಆನೆ ನುಗ್ಗುವುದು ಮಾತ್ರ ನಿಲ್ಲಲಿಲ್ಲ. ಫೋಟೋ ತೆಗೆಯುವ ಪ್ರವಾಸಿ ನೀರಿರುವ ಚೆಂದದ ಜಾಗಕ್ಕೆ ಹೋಗುತ್ತಾನೆಯೇ ಹೊರತು ಒಣ ಮೊಪಾನೆ ಕಾಡಿಗೆ ಬರುವುದಿಲ್ಲ. 2019ರಲ್ಲಿ, ಖಾಮಾ ನಂತರ ಅಧ್ಯಕ್ಷರಾದ ಮಾಸಿಸಿ ನಿಷೇಧ ತೆಗೆದರು. 2020ರ ಫೆಬ್ರವರಿಯ ಹರಾಜಿನಲ್ಲಿ ತಲಾ ಹತ್ತು ಆನೆಗಳ ಆರು ಲಾಟ್‌ಗೆ 2.57 ಕೋಟಿ ಪುಲಾ (ಅಲ್ಲಿಯ ಹಣ) ಬಂತು. 2024ರಲ್ಲಿ ಜರ್ಮನಿ ಟ್ರೋಫಿ (ಬೇಟೆಯ ಗುರುತಿಗೆ ಮನೆಗೆ ಒಯ್ಯುವ ದಂತ, ಚರ್ಮ ಇತ್ಯಾದಿ) ಆಮದು ಬಿಗಿ ಮಾಡುವ ಮಾತೆತ್ತಿದಾಗ, ನಿಮಗೇ 20,000 ಆನೆ ಕಳಿಸುತ್ತೇನೆ, ಸಾಕಿ ನೋಡಿ ಅಂದರು ಮಾಸಿಸಿ. ಸಕಲೇಶಪುರದ ತೋಟದವರನ್ನು ಕೇಳಿ, ಆ ಸಿಟ್ಟು ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನನಗೂ ಆಗುತ್ತದೆ.

ಆದರೆ 400 ಸಲಗ ಹೊಡೆದರೆ 1,30,000 ಆನೆಯ ಹಾವಳಿ ಕಡಿಮೆಯಾಗುತ್ತದೆ ಅನ್ನುವುದು ಸುಮ್ನೆ ಮಾತು. ಹಳ್ಳಿಗೆ ದುಡ್ಡು ಬರುತ್ತದೆ ಅನ್ನಿ, ಒಪ್ಪುತ್ತೇನೆ. ಸಂಖ್ಯೆ ಹತೋಟಿಗೆ ಬರುತ್ತದೆ ಅನ್ನಬೇಡಿ. ಮತ್ತು ಕೋಟಾ ಕಟ್ಟುವುದಾದರೆ ದೇಶದ ಒಟ್ಟು ಆನೆಗಳ ಮೇಲೆ ಶೇಕಡಾ ಹಾಕುವುದು ನಿಲ್ಲಬೇಕು. ಆ ಬ್ಲಾಕಿನಲ್ಲಿ 35 ದಾಟಿದ ಗಂಡು ಎಷ್ಟಿವೆ, ಎರಡು ವರ್ಷದ ಹಿಂದೆ ಎಷ್ಟಿದ್ದವು, ಅದರ ಮೇಲೆ ಹಾಕಿ. 2022ರ ಏಪ್ರಿಲ್‌ನಲ್ಲಿ ಬೋಟ್ಸ್ವಾನಾದಲ್ಲಿ ಹೊಡೆದ ಒಂದು ಸಲಗದ ದಂತ 91 ಪೌಂಡ್ ತೂಗಿತು. ಕೋಟಾ ಪುಸ್ತಕದಲ್ಲಿ ಅದೂ ಒಂದೇ ಆನೆ.

ಒಂದೊಂದು ಆನೆಗೂ ಹೆಸರಿಟ್ಟು 1972ರಿಂದ ದಾಖಲೆ ಇಟ್ಟಿರುವ ಆಂಬೋಸೆಲಿಯಲ್ಲಿ ಈ ಲೆಕ್ಕದ ಎಡವಟ್ಟು ಚೆನ್ನಾಗಿ ಕಾಣುತ್ತದೆ. ಕೀನ್ಯಾದಲ್ಲಿ 1977ರಿಂದ ಬೇಟೆ ಇಲ್ಲ. ಆದರೆ ಅಲ್ಲಿಯ ಸಲಗಗಳು ಮೇವು ಹುಡುಕಿಕೊಂಡು ಟಾಂಜಾನಿಯಾಕ್ಕೆ ದಾಟುತ್ತವೆ, ಅಲ್ಲಿ ಬೇಟೆ ಕಾನೂನುಬದ್ಧ. 90ರ ದಶಕದ ಮಧ್ಯದಲ್ಲಿ ಆದ ಒಪ್ಪಂದದಿಂದಾಗಿ ಗಡಿಯ ಆ ಪಟ್ಟಿಯಲ್ಲಿ ಸುಮಾರು ಮೂವತ್ತು ವರ್ಷ ಗುಂಡು ಹಾರಿರಲಿಲ್ಲ. 2023ರ ಸೆಪ್ಟೆಂಬರ್‌ನಿಂದ 2024ರ ಮೊದಲ ತಿಂಗಳುಗಳವರೆಗೆ ಕನಿಷ್ಠ ಐದು ದೊಡ್ಡ ಸಲಗಗಳು ಅಲ್ಲಿ ಬೇಟೆಗೆ ಬಿದ್ದವು. ಸುಮಾರು 2,000 ಆನೆಗಳಲ್ಲಿ ಐದು ಅಂದರೆ ಶೇಕಡಾ 0.25, ಬೋಟ್ಸ್ವಾನಾದ ಕೋಟಾಕ್ಕಿಂತಲೂ ಕಡಿಮೆ. ಆದರೆ ಆ ಕಾಡಿನಲ್ಲಿ ಅಷ್ಟು ದೊಡ್ಡ ದಂತದ ಸಲಗಗಳು ಇದ್ದದ್ದೇ ಬೆರಳೆಣಿಕೆಯಷ್ಟು. ಕೆಲವು ಹೆಣಗಳನ್ನು ಸುಟ್ಟಿದ್ದರಿಂದ, ಸತ್ತದ್ದು ಯಾವ ಆನೆ ಅಂತ ಖಚಿತವಾಗಿ ಗುರುತಿಸುವುದೂ ಸಂಶೋಧಕರಿಗೆ ಕಷ್ಟವಾಯಿತು.