ಬಳ್ಳಾರಿಯಿಂದ 14416ರ ತನಕ
ಬಳ್ಳಾರಿ ಅಂದರೆ ಹೊರಗಿನವರಿಗೆ ಗಣಿ, ಬಿಸಿಲು, ಜೀನ್ಸ್ ಇಷ್ಟೇ ನೆನಪಾಗುತ್ತದೆ. ಆದರೆ ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಔಷಧಿ ಕೊಡಬಹುದು ಅಂತ ದೇಶಕ್ಕೆ ತೋರಿಸಿದ್ದೂ ಇದೇ ಜಿಲ್ಲೆ. ಇದು ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಕಾಗದದ ಮೇಲೆ ಚೆನ್ನಾಗಿತ್ತು, ಜಿಲ್ಲೆಯಲ್ಲಿ ನಡೆಸುವುದು ಹೇಗೆ ಅನ್ನೋದೇ ಪ್ರಶ್ನೆ. ಅದನ್ನು ಪರೀಕ್ಷೆ ಮಾಡಲು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಆರಿಸಿಕೊಂಡಿದ್ದು ಬಳ್ಳಾರಿಯನ್ನು. ಆಗ ಹೊಸಪೇಟೆ, ಹಡಗಲಿ, ಹರಪನಹಳ್ಳಿ ಎಲ್ಲ ಸೇರಿದ ದೊಡ್ಡ ಜಿಲ್ಲೆ. ಸರ್ಕಾರಿ ಮಾನಸಿಕ ಆಸ್ಪತ್ರೆ ಬೇಕಂದ್ರೆ ಧಾರವಾಡಕ್ಕೆ ಹೋಗಬೇಕು, ಇಲ್ಲಾ ಬೆಂಗಳೂರಿಗೆ. 1985ರಿಂದ 1990ರವರೆಗೆ ಇಲ್ಲಿ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರುಗಳಿಗೆ, ಮನೆ ಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು, ಬೇಕಾದ ನಾಲ್ಕಾರು ಔಷಧಿ ಪಿಎಚ್‌ಸಿಯಲ್ಲೇ ಸಿಗುವ ಹಾಗೆ ಮಾಡಿದರು, ಕಷ್ಟದ ಕೇಸುಗಳನ್ನು ಮಾತ್ರ ಜಿಲ್ಲಾಸ್ಪತ್ರೆಗೆ ಕಳಿಸಿದರು. ಇದೇ 'ಬಳ್ಳಾರಿ ಮಾದರಿ'. 1996ರಲ್ಲಿ ಕೇಂದ್ರ ಸರ್ಕಾರ ಇದನ್ನೇ 4 ಜಿಲ್ಲೆಗಳಲ್ಲಿ ಶುರು ಮಾಡಿತು, ಈಗ ಅದು 700ಕ್ಕೂ ಜಾಸ್ತಿ ಜಿಲ್ಲೆಗಳಲ್ಲಿದೆ.

ಆದರೆ ಆಗ ಹುಡುಕಿದ್ದು ತೀವ್ರ ಮಾನಸಿಕ ಕಾಯಿಲೆ, ಮೂರ್ಛೆರೋಗ ಇಂಥವನ್ನು. ಒಂಟಿತನ ಯಾರ ಪಟ್ಟಿಯಲ್ಲೂ ಇರಲಿಲ್ಲ. ಇರಬೇಕು ಅಂತ ಯಾರಿಗಾದರೂ ಅನ್ನಿಸಿತ್ತೋ ಇಲ್ಲವೋ. ಕಟ್ಟೆ ಇತ್ತು, ಜಾತ್ರೆ ಇತ್ತು, ಮನೆ ತುಂಬ ಜನ ಇದ್ದರು.

ಈಗ ಬಿತ್ತನೆ ಕೈಕೊಟ್ಟರೆ ಕೊಪ್ಪಳ, ರಾಯಚೂರು ಕಡೆಯ ಹಳ್ಳಿಗಳಿಂದ ಮಗ ಸೊಸೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವುದು ಅವ್ವ, ರೇಷನ್ ಕಾರ್ಡು, ಒಂದು ಕೀಪ್ಯಾಡ್ ಫೋನು. ಅವ್ವ ಡಾಕ್ಟರ್ ಹತ್ತಿರ ಹೋದರೂ 'ಒಬ್ಬಾಕಿನೇ ಇರಾಕ ಬ್ಯಾಸರ' ಅನ್ನುವುದಿಲ್ಲ, ತಲೆನೋವು, ಮೈಕೈ ನೋವು, ನಿದ್ದಿ ಇಲ್ಲ ಅನ್ನುತ್ತಾಳೆ, ಮಾತ್ರೆ ತಗೊಂಡು ವಾಪಸ್ ಬರುತ್ತಾಳೆ. ಅತ್ತ ಮಗನದೂ ಅದೇ ಕಥೆ, ಶೆಡ್ಡಿನಲ್ಲಿ ಹತ್ತು ಜನರ ನಡುವೆ ಮಲಗಿದರೂ ಮಾತಾಡುವವರಿಲ್ಲ.

ಒಂಟಿತನವೂ ಆರೋಗ್ಯದ ವಿಷಯ ಅಂತ ಸರ್ಕಾರಗಳು ಒಪ್ಪಿದ್ದು ತೀರಾ ಇತ್ತೀಚೆಗೆ. 2018ರಲ್ಲಿ ಬ್ರಿಟನ್ ಅದಕ್ಕೇ ಒಬ್ಬ ಮಂತ್ರಿಯನ್ನು ನೇಮಿಸಿತು. 2023ರಲ್ಲಿ ಆಗ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಪ್ರಮುಖ ಆರೋಗ್ಯಾಧಿಕಾರಿ, ಆಗಿದ್ದ ವಿವೇಕ್ ಮೂರ್ತಿ ಎಚ್ಚರಿಕೆಯ ವರದಿ ತಂದರು (ಅವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದು). ಜಗತ್ತಿನಲ್ಲಿ 6 ಜನರಲ್ಲಿ ಒಬ್ಬರಿಗೆ ಈ ತೊಂದರೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿತು.

ನಮ್ಮಲ್ಲಿ ಬಾಗಿಲು ತೆರೆಸಿದ್ದು ಕೊರೊನಾ. 2020ರ ಮಾರ್ಚ್ 25ಕ್ಕೆ ಟೆಲಿಮೆಡಿಸಿನ್ (ದೂರದಿಂದಲೇ ಫೋನ್, ವಿಡಿಯೊದಲ್ಲಿ ಚಿಕಿತ್ಸೆ) ನಿಯಮಗಳು ಬಂದವು, 2022ರ ಅಕ್ಟೋಬರ್ 10ಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಆಪ್ತಸಮಾಲೋಚಕರು ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ. ಜಾಸ್ತಿ ನೆರವು ಬೇಕಿದ್ದರೆ ಮನೋವೈದ್ಯರಿಗೋ ನಿಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೋ ಜೋಡಿಸುತ್ತಾರೆ. ಅಂದರೆ ಹೊಸ ಫೋನಿನ ಹಿಂದೆ ಇರುವುದು ಹಳೆಯ ಬಳ್ಳಾರಿ ವ್ಯವಸ್ಥೆಯೇ.

ಆಸ್ಪತ್ರೆಯ ಮನೋವೈದ್ಯರ ವಿಭಾಗದ ಮುಂದೆ ನಿಂತರೆ ಊರವರು ನೋಡುತ್ತಾರೆ, ಫೋನಿನಲ್ಲಿ ಆ ಭಯ ಇಲ್ಲ ಅಲ್ವಾ? ಆದರೆ ಕೇಳಿಸಿಕೊಳ್ಳುವ ಕಿವಿ ಬೇರೆ, ಸಂಜೆ ಮನೆಗೆ ಬಂದು ಕೂರುವ ಮನುಷ್ಯ ಬೇರೆ, ಆ ಎರಡನೆಯದನ್ನು ಯಾವ ಯೋಜನೆಯೂ ಇನ್ನೂ ಮುಟ್ಟಿಲ್ಲ ಅಂತಲೇ ನನಗನ್ನಿಸುತ್ತದೆ. 2024ರಲ್ಲಿ ಟೆಲಿ ಮಾನಸ್ ಆ್ಯಪ್ ಕೂಡ ಬಂತು. ಅವ್ವನ ಫೋನಿನಲ್ಲಿ ಅದು ಕೂರುವುದಿಲ್ಲ. ಅವಳಿಗೆ ಆ ಐದು ಅಂಕಿಗಳನ್ನೇ ಯಾರಾದರೂ ಸೇವ್ ಮಾಡಿಕೊಡಬೇಕು.